ಹಳೆ ಸೈಕಲ್ ರಿಮ್ಮಿಗೆ ಸರಿಯಾದ ಟಯರ್ ಹುಡುಕೋದು ಹೇಗೆ: ಅಳತೆಯಿಂದ ಗಾಳಿ ಹೊಡೆಯೋವರೆಗೆ

ಅಂಗಡಿಗೆ ಹೋಗಿ "28ರ ಟಯರ್ ಕೊಡಿ" ಅಂತ ಮಾತ್ರ ಕೇಳಬೇಡಿ. ನಾನು ಹಾಗೆ ಕೇಳಿಯೇ ಒಂದು ಜೊತೆ ಟಯರಿನ ದುಡ್ಡು ಕಳೆದುಕೊಂಡೆ.

ಅಪ್ಪನ ಕಪ್ಪು ಸೈಕಲ್ಲು, ರಾಡ್ ಬ್ರೇಕಿನದು, ಊರ ಮನೆಯ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಗೋಡೆಗೆ ಒರಗಿ ನಿಂತಿತ್ತು. ಫ್ರೇಮು ಗಟ್ಟಿಯಾಗಿತ್ತು, ರಿಮ್ಮು ಒರೆಸಿದರೆ ಹೊಳೆಯುತ್ತಿತ್ತು. ಟಯರ್ ಮಾತ್ರ ಒಣಗಿ ಸೀಳು ಬಿಟ್ಟು, ಮುಟ್ಟಿದರೆ ಕೈಗೆ ಕರಿ ಪುಡಿ ಹತ್ತುತ್ತಿತ್ತು. ಪಟ್ಟಣದಿಂದ "28 ಇಂಚಿನದು" ಅಂತ ಒಂದು ಜೊತೆ ತಂದೆ. ಅಂಗಳದಲ್ಲಿ ಕೂತು ಒಂದು ಗಂಟೆ ಗುದ್ದಾಡಿದರೂ ಟಯರು ರಿಮ್ಮಿನೊಳಗೆ ಪೂರ್ತಿ ಇಳಿಯಲಿಲ್ಲ. ನಾಲ್ಕು ಬೆರಳಷ್ಟು ಯಾವಾಗಲೂ ಹೊರಗೇ ಉಳಿಯುತ್ತಿತ್ತು. ಕೊನೆಗೆ ಟಯರಿನ ಪಕ್ಕವನ್ನು ಬಿಸಿಲಿಗೆ ಹಿಡಿದು ನೋಡಿದೆ. ಸಣ್ಣ ಅಕ್ಷರದಲ್ಲಿ 37-622 ಅಂತ ಇತ್ತು, ಅಂದರೆ 622 ಮಿ.ಮೀ. ಅಡ್ಡಳತೆಯ ರಿಮ್ಮಿನದು. ಅಪ್ಪನ ಸೈಕಲ್ಲಿನ ರಿಮ್ಮು 635. ಎರಡಕ್ಕೂ ಜನ 28 ಅಂತಲೇ ಕರೆಯುತ್ತಾರೆ. ಅಡ್ಡಕ್ಕೆ 13 ಮಿ.ಮೀ. ವ್ಯತ್ಯಾಸ, ಸುತ್ತಳತೆಯಲ್ಲಿ ನಾಲ್ಕು ಸೆಂಟಿಮೀಟರು. ಎಷ್ಟು ಬಲ ಹಾಕಿದರೂ ಅದು ಕೂರೋದಿಲ್ಲ.

ಇಲ್ಲಿ ನಾನು ಹೇಳೋದು ಮುಖ್ಯವಾಗಿ ನಮ್ಮ ಕಡೆಯ ಹಳೆ ಕಪ್ಪು ಸೈಕಲ್ಲುಗಳ ಬಗ್ಗೆ. ಬೇರೆ ಹಳೆ ರಿಮ್ಮುಗಳೂ ನಡುವೆ ಬರುತ್ತವೆ, ಯಾಕಂದ್ರೆ ಒಂದಕ್ಕೊಂದು ಹೆಸರು ಬೆರೆತು ಹೋಗಿರೋದೇ ಇಲ್ಲಿನ ದೊಡ್ಡ ತೊಂದರೆ.

ಇಂಚಿನ ಲೆಕ್ಕ ಎಲ್ಲಿ ದಾರಿ ತಪ್ಪಿತು

ಇದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಆಮೇಲೆ ಯಾವ ಅಂಗಡಿಯಲ್ಲೂ ಮೋಸ ಹೋಗೋದಿಲ್ಲ.

ಮೊದಲಿಗೆ 28, 26 ಅನ್ನೋದು ರಿಮ್ಮಿನ ಅಳತೆ ಆಗಿರಲಿಲ್ಲ. ಟಯರ್ ಹಾಕಿ ಗಾಳಿ ತುಂಬಿದ ಮೇಲೆ ಇಡೀ ಚಕ್ರ ಎಷ್ಟು ಎತ್ತರ ಬರುತ್ತದೆ ಅನ್ನೋದರ ಅಳತೆ ಅದು. 28 × 1½ ತಗೊಳ್ಳಿ. ಟಯರಿನ ದಪ್ಪ ಒಂದೂವರೆ ಇಂಚು, ಮೇಲೊಂದು ಕೆಳಗೊಂದು ಸೇರಿ ಮೂರು ಇಂಚು. 28ರಲ್ಲಿ ಮೂರು ಕಳೆದರೆ 25 ಇಂಚು. 25 ಇಂಚು ಅಂದರೆ ಸರಿಯಾಗಿ 635 ಮಿ.ಮೀ. ಟಯರು ಕೂರುವ ಜಾಗದ ಅಡ್ಡಳತೆ ಅದೇ. ಈಗ ಅದೇ 28 ಇಂಚಿನ ಎತ್ತರವನ್ನು ದಪ್ಪ ಟಯರಿನಲ್ಲಿ ತರಬೇಕು ಅಂತ ಇಟ್ಟುಕೊಳ್ಳಿ, 1¾ ಇಂಚಿನದು. ಆಗ ರಿಮ್ಮು ಚಿಕ್ಕದಾಗಲೇಬೇಕು, ಅಲ್ವಾ? 28ರಲ್ಲಿ ಮೂರೂವರೆ ಕಳೆದರೆ 24½ ಇಂಚು, ಅಂದರೆ 622 ಮಿ.ಮೀ. ಹೀಗೆ ಒಂದೇ 28ರ ಹೆಸರಿನಲ್ಲಿ ಎರಡು ರಿಮ್ಮು ಹುಟ್ಟಿದವು.

26ರಲ್ಲಿ ಇನ್ನೂ ಜಾಸ್ತಿ. 26 × 1¼ ಅಂದರೆ 597, 26 × 1⅜ ಅಂದರೆ 590, 26 × 1½ ಅಂದರೆ 584, 26 × 1¾ ಅಂದರೆ 571. ಪಾಯಿಂಟ್ ಹಾಕಿ ಬರೆದ 26 × 1.75, 26 × 2.125 ಅಂದರೆ 559, ಅದು ಹಳೆ ಮೌಂಟನ್ ಬೈಕಿನದು. ಐದು 26, ಐದೂ ಬೇರೆ. ಭಿನ್ನರಾಶಿಯಲ್ಲಿ ಬರೆದ 1¾ ಮತ್ತು ಪಾಯಿಂಟಿನಲ್ಲಿ ಬರೆದ 1.75 ಲೆಕ್ಕದಲ್ಲಿ ಒಂದೇ, ಸೈಕಲ್ಲಿನಲ್ಲಿ ಒಂದೇ ಅಲ್ಲ. ಫ್ರೆಂಚರು ಇದನ್ನೇ ಅಕ್ಷರದಲ್ಲಿ ಬರೆದರು. 650ಎ ಅಂದರೆ 590, 650ಬಿ ಅಂದರೆ 584, 650ಸಿ ಅಂದರೆ 571, 700ಬಿ ಅಂದರೆ ನಮ್ಮ 635, 700ಸಿ ಅಂದರೆ 622.

ಕಾಲ ಕಳೆದಂತೆ ಅದೇ ರಿಮ್ಮಿಗೆ ತೆಳ್ಳಗಿನ ಟಯರು, ದಪ್ಪ ಟಯರು ಎಲ್ಲಾ ಬಂದವು. ಹೆಸರು ಮಾತ್ರ ಹಳೇದೇ ಉಳಿಯಿತು. ಅಮೆರಿಕದ ಹಳೆ ಶ್ವಿನ್ ಸೈಕಲ್ಲುಗಳಲ್ಲಂತೂ 26 × 1⅜ ಅಂತ ಬರೆದಿದ್ದರೂ ರಿಮ್ಮು 597ರದ್ದು. ಇಂಗ್ಲಿಷ್ ಸೈಕಲ್ಲಿನ 26 × 1⅜ ಅಂದರೆ 590. ಅಕ್ಷರ ಅಕ್ಷರ ಒಂದೇ ಹೆಸರು, ಏಳು ಮಿ.ಮೀ. ವ್ಯತ್ಯಾಸ. ಅಮೆರಿಕದಲ್ಲಿರುವ ನಮ್ಮವರು ಯಾರಾದರೂ ಹಳೆ ಶ್ವಿನ್ ಕೊಂಡು ಸರಿ ಮಾಡೋಕೆ ಹೊರಟಿದ್ದರೆ ಇದನ್ನು ನೆನಪಿಡಿ.

ಹಾಗಾಗಿ ನಂಬಬೇಕಾದ್ದು ಒಂದೇ, ಆ ಮೂರಂಕಿಯ ಸಂಖ್ಯೆ. 40-635 ಅಂತ ಇದ್ದರೆ 40 ಅನ್ನೋದು ಟಯರಿನ ಅಗಲ, 635 ಅನ್ನೋದು ಟಯರು ರಿಮ್ಮಿನ ಮೇಲೆ ಕೂರುವ ಜಾಗದ ಅಡ್ಡಳತೆ. ಎರಡೂ ಮಿ.ಮೀ.ನಲ್ಲಿ. ಯುರೋಪಿನ ಟಯರು ಮತ್ತು ರಿಮ್ಮು ತಯಾರಕರ ಸಂಸ್ಥೆ ಇ.ಟಿ.ಆರ್.ಟಿ.ಒ. ತಂದ ಪದ್ಧತಿ ಇದು, ಈಗ ಐ.ಎಸ್.ಒ. 5775 ಅನ್ನೋ ಅಂತರರಾಷ್ಟ್ರೀಯ ಮಾನದಂಡ. ಅಗಲ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ಮೂರಂಕಿಯಲ್ಲಿ ಒಂದು ಮಿ.ಮೀ. ಕೂಡ ರಾಜಿ ಬೇಡ.

ಚಿಕ್ಕ ಟಯರು ದೊಡ್ಡ ರಿಮ್ಮಿಗೆ ಹತ್ತೋದಿಲ್ಲ, ನನಗೆ ಆದ ಹಾಗೆ. ಬೆವರು ಸುರಿಯುತ್ತದೆ, ಅಪಾಯ ಇಲ್ಲ. ಭಯ ಪಡಬೇಕಾದ್ದು ಅದರ ಉಲ್ಟಾ. 630ರ ಟಯರನ್ನು 622ರ ರಿಮ್ಮಿಗೆ, ಅಥವಾ 597ರದ್ದನ್ನು 590ಕ್ಕೆ ಹಾಕಿದರೆ ಸಲೀಸಾಗಿ ಹೋಗುತ್ತದೆ. "ಆಹಾ, ಎಷ್ಟು ಸುಲಭ" ಅಂತ ಅನ್ನಿಸುತ್ತದೆ. ಗಾಳಿ ತುಂಬಿದಾಗಲೋ, ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗಲೋ ಟಯರು ರಿಮ್ಮಿನಿಂದ ಹೊರಗೆ ಜಿಗಿದು ಟ್ಯೂಬು ಒಡೆಯುತ್ತದೆ. ಮುಂದಿನ ಚಕ್ರದಲ್ಲಿ ಹಾಗಾದರೆ ಮುಖ ನೆಲಕ್ಕೆ. ಟಯರು ತೀರಾ ಸುಲಭವಾಗಿ ಹತ್ತಿತು ಅಂದರೆ ನಿಲ್ಲಿಸಿ, ಸಂಖ್ಯೆ ಮತ್ತೆ ಓದಿ.

ನಿಮ್ಮ ಸೈಕಲ್ಲಿನದು ಯಾವ ಅಳತೆ

ಹಳೆ ಟಯರು ಇನ್ನೂ ರಿಮ್ಮಿನ ಮೇಲಿದ್ದರೆ ಮೊದಲು ಅದನ್ನೇ ಓದಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಅಕ್ಷರದ ಮೇಲೆ ಸೀಮೆಸುಣ್ಣ ತಿಕ್ಕಿ. ಉಬ್ಬಿದ ಅಕ್ಷರಗಳು ಬೆಳ್ಳಗೆ ಎದ್ದು ಕಾಣುತ್ತವೆ. ಆದರೆ ಹಳೆ ಟಯರಿನಲ್ಲಿ ಮೂರಂಕಿ ಇಲ್ಲದಿರಬಹುದು, ಅಥವಾ ಯಾರೋ ಹಿಂದೆ ತಪ್ಪು ಟಯರು ಹಾಕಿರಬಹುದು. ಅದಕ್ಕೇ ರಿಮ್ಮನ್ನೇ ಅಳೆಯಿರಿ ಅನ್ನೋದು ನನ್ನ ಮಾತು.

ಟಯರು, ಟ್ಯೂಬು, ರಿಮ್ ಟೇಪು ಎಲ್ಲಾ ತೆಗೆಯಿರಿ. ರಿಮ್ಮಿನ ಒಳಗೆ ನೋಡಿ. ನಡುವೆ ಒಂದು ಗುಳಿ, ಕಾಲುವೆ ತರಹ. ಅದರ ಎರಡೂ ಬದಿಗೆ ಸಣ್ಣ ಮೆಟ್ಟಿಲು. ಆ ಮೆಟ್ಟಿಲಿನ ಆಚೆಗೆ ಮೇಲೆದ್ದ ತುಟಿ. ಟಯರಿನ ಅಂಚಿನೊಳಗೆ ಒಂದು ಉಕ್ಕಿನ ತಂತಿ ಇರುತ್ತದೆ. ಆ ತಂತಿ ಬಂದು ಕೂರೋದು ಮೆಟ್ಟಿಲಿನ ಮೇಲೆ. ನೀವು ಅಳೆಯಬೇಕಾದ್ದು ಆ ಮೆಟ್ಟಿಲಿನ ಸುತ್ತಳತೆಯನ್ನು. ಗುಳಿಯದ್ದಲ್ಲ, ತುಟಿಯದ್ದೂ ಅಲ್ಲ.

ದಾರ ಬೇಡ, ಎಳೆದರೆ ಹಿಗ್ಗುತ್ತದೆ. ರಟ್ಟಿನ ಪೆಟ್ಟಿಗೆಗೆ ಬಿಗಿದು ಬರುವ ಪ್ಲಾಸ್ಟಿಕ್ ಪಟ್ಟಿ ಇರುತ್ತದಲ್ಲ, ಅದು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಉದ್ದಕ್ಕೆ ಸೀಳಿ ತೆಳ್ಳಗೆ ಮಾಡಿಕೊಳ್ಳಿ. ಮೆಟ್ಟಿಲಿನ ಮೇಲೆ ಒಂದು ಸುತ್ತು ಸುತ್ತಿ, ತುದಿ ಮತ್ತೊಂದು ತುದಿಯನ್ನು ಮುಟ್ಟುವಲ್ಲಿ ಪೆನ್ನಿನಿಂದ ಗುರುತು ಹಾಕಿ. ಆಮೇಲೆ ನೆಲದ ಮೇಲೆ ಚಾಚಿ ಟೇಪಿನಲ್ಲಿ ಅಳೆಯಿರಿ. 3.14ರಿಂದ ಭಾಗಿಸಿದರೆ ಅಡ್ಡಳತೆ ಬರುತ್ತದೆ, ಆದರೆ ಆ ಲೆಕ್ಕವೂ ಬೇಡ. ಸುಮಾರು 1995 ಮಿ.ಮೀ. ಬಂದರೆ 635. 1979 ಬಂದರೆ 630. 1954 ಆದರೆ 622. 1875ಕ್ಕೆ 597, 1854ಕ್ಕೆ 590, 1835ಕ್ಕೆ 584, 1794ಕ್ಕೆ 571, 1756ಕ್ಕೆ 559. ಪಟ್ಟಿಯ ದಪ್ಪದಿಂದ ಎರಡು ಮೂರು ಮಿ.ಮೀ. ಜಾಸ್ತಿ ಬರಬಹುದು. ಗಾಬರಿ ಬೇಡ, ಈ ಅಳತೆಗಳಲ್ಲಿ ತೀರಾ ಹತ್ತಿರದವುಗಳ ನಡುವೆಯೂ 16 ಮಿ.ಮೀ. ಅಂತರ ಇದೆ. ಮೂರು ಸಲ ಅಳೆಯಿರಿ. ಎರಡೂ ಚಕ್ರ ಅಳೆಯಿರಿ. ಹಳೆ ಸೈಕಲ್ಲಿನಲ್ಲಿ ಹಿಂದಿನ ರಿಮ್ಮು ಯಾವಾಗಲೋ ಬದಲಾಗಿರೋದು ಅಪರೂಪವೇನಲ್ಲ.

ನಮ್ಮ ಕಡೆಯ ರಾಡ್ ಬ್ರೇಕಿನ ದೊಡ್ಡ ಕಪ್ಪು ಸೈಕಲ್ಲು, ಅದು ಹರ್ಕ್ಯುಲಿಸ್ ಇರಲಿ, ಅಟ್ಲಾಸ್ ಇರಲಿ, ಹೀರೋ ಇರಲಿ, ಸೆನ್‌ರಾಲೇ ಇರಲಿ, ಸಾಮಾನ್ಯವಾಗಿ 28 × 1½, ಅಂದರೆ 635. ಹರ್ಕ್ಯುಲಿಸ್ ಮಾಡುವ ಟಿ.ಐ. ಸೈಕಲ್ಸ್ ಮದ್ರಾಸಿನಲ್ಲಿ ಶುರುವಾಗಿದ್ದು 1949ರಲ್ಲಿ, ಸೋನಿಪತ್‌ನಲ್ಲಿ ಅಟ್ಲಾಸ್ 1951ರಲ್ಲಿ, ಲೂಧಿಯಾನದಲ್ಲಿ ಹೀರೋ 1956ರಲ್ಲಿ. ಎಲ್ಲರೂ ಮಾಡಿದ್ದು ಇಂಗ್ಲೆಂಡಿನ ರೋಡ್‌ಸ್ಟರ್ ಸೈಕಲ್ಲಿನ ಅಚ್ಚನ್ನೇ. ಹಾಗಾಗಿ ನಾಟಿಂಗ್‌ಹ್ಯಾಮಿನ ಹಳೆ ರಾಲೇ ರೋಡ್‌ಸ್ಟರಿಗೂ ನಮ್ಮ ಹಳ್ಳಿಯ ಹಾಲಿನ ಕ್ಯಾನಿನ ಸೈಕಲ್ಲಿಗೂ ಟಯರು ಒಂದೇ. ಸ್ವಲ್ಪ ಚಿಕ್ಕ ಚಕ್ರದ ಕಪ್ಪು ಸೈಕಲ್ಲುಗಳಲ್ಲಿ 26 × 1½ ಬರುತ್ತದೆ, ಅದು 584. ರಿಮ್ಮನ್ನು ಎರಡೂ ಪಕ್ಕದಿಂದ ಹಿಡಿಯುವ ಕ್ಯಾಲಿಪರ್ ಬ್ರೇಕಿನ ಹಗುರ ಸೈಕಲ್ಲುಗಳಲ್ಲಿ, ಹಳೆ ಇಂಗ್ಲಿಷ್ ಮೂರು ಗೇರಿನ ಸೈಕಲ್ಲುಗಳಲ್ಲಿ 26 × 1⅜, ಅಂದರೆ 590. 1970-80ರ ಕಾಲದ ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕುಗಳಲ್ಲಿ ಹೆಚ್ಚಾಗಿ 27 × 1¼, ಅಂದರೆ 630. ಇಲ್ಲೊಂದು ಗೊಂದಲ. "24ರ ಸೈಕಲ್" ಅಂತ ಹಳಬರು ಹೇಳಿದರೆ ಅದು ಫ್ರೇಮಿನ ಎತ್ತರ ಆಗಿರಬಹುದು, ಚಕ್ರದ್ದಲ್ಲ. 22ರ ಫ್ರೇಮು, 24ರ ಫ್ರೇಮು ಅಂತ ಮಾರುತ್ತಿದ್ದರು. ಅದನ್ನು ಟಯರಿನ ಅಂಗಡಿಯಲ್ಲಿ ಹೇಳಿದರೆ ಮಕ್ಕಳ ಸೈಕಲ್ಲಿನ ಟಯರು ಕೈಗೆ ಬರುತ್ತದೆ.

ಇನ್ನೊಂದು ಪ್ರಶ್ನೆ ಜನ ಆಗಾಗ ಕೇಳುತ್ತಾರೆ. ಈಗಿನ ಮೌಂಟನ್ ಬೈಕಿನ 27.5 ಅನ್ನೋದೂ 584 ತಾನೇ, ಅದನ್ನೇ ಹಾಕಬಹುದಲ್ವಾ? ಅಡ್ಡಳತೆ ಒಂದೇ, ನಿಜ. ಆದರೆ ಆ ಟಯರುಗಳು ಸಾಮಾನ್ಯವಾಗಿ 50 ಮಿ.ಮೀ.ಗಿಂತ ದಪ್ಪ. ಮಡ್‌ಗಾರ್ಡಿನೊಳಗೆ ಹಿಡಿಸೋದಿಲ್ಲ, ಕಿರಿದಾದ ಹಳೆ ರಿಮ್ಮಿನ ಮೇಲೆ ತಿರುವಿನಲ್ಲಿ ಹೊಯ್ದಾಡುತ್ತವೆ. ಬೇಡ.

ರಿಮ್ಮಿನ ಆಕಾರ ನೋಡಿ

ಅಳತೆ ಸಿಕ್ಕಿತು. ಈಗ ತುಟಿಯನ್ನು ಬೆರಳಿನಿಂದ ಸವರಿ ನೋಡಿ.

ರಾಡ್ ಬ್ರೇಕಿನ ಸೈಕಲ್ಲಿನದು ವೆಸ್ಟ್‌ವುಡ್ ರಿಮ್ಮು. ಎರಡೂ ಅಂಚು ದುಂಡಗೆ ಸುರುಳಿ ಸುತ್ತಿದ ಹಾಗೆ ಇರುತ್ತದೆ. ಬ್ರೇಕಿನ ರಬ್ಬರು ಇದರ ಪಕ್ಕಕ್ಕೆ ಅಲ್ಲ, ಹಬ್ಬಿನ ಕಡೆಯ ಒಳಮುಖಕ್ಕೆ ಒತ್ತುತ್ತದೆ. ಪಕ್ಕ ಚಪ್ಪಟೆಯಾಗಿದ್ದು, ಎರಡೂ ಬದಿಯಿಂದ ಹಿಡಿಯುವ ಬ್ರೇಕು ಇದ್ದರೆ ಅದು ಎಂಡ್ರಿಕ್ ತರಹದ್ದು. ಎರಡಕ್ಕೂ ಟಯರು ಒಂದೇ ಜಾತಿ.

ಮುಖ್ಯ ವಿಷಯ ಬೇರೆ. ಈಗಿನ ಅಲ್ಯೂಮಿನಿಯಂ ರಿಮ್ಮಿನ ತುಟಿಗೆ ಒಳಗಡೆ ಸಣ್ಣ ಕೊಕ್ಕೆ ಇರುತ್ತದೆ. ಟಯರು ಹಿಗ್ಗಿದಾಗ ಆ ಕೊಕ್ಕೆ ಅದನ್ನು ಹಿಡಿದುಕೊಳ್ಳುತ್ತದೆ. ಹಳೆ ಉಕ್ಕಿನ ರಿಮ್ಮಿಗೆ ಕೊಕ್ಕೆ ಇಲ್ಲ, ತುಟಿ ನೇರ. ಇಲ್ಲಿ ಟಯರನ್ನು ಹಿಡಿದಿರೋದು ಅದರ ಅಂಚಿನ ಉಕ್ಕಿನ ತಂತಿ ಒಂದೇ. ಆ ತಂತಿಯ ಟಯರಿಗೆ 1890ರಲ್ಲಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಇಂಗ್ಲೆಂಡಿನಲ್ಲಿ ಪೇಟೆಂಟ್ ತೆಗೆದುಕೊಂಡರು, ಡನ್‌ಲಪ್ ಬೆಲ್‌ಫಾಸ್ಟಿನಲ್ಲಿ ಗಾಳಿ ಟಯರು ಮಾಡಿದ ಎರಡು ವರ್ಷಕ್ಕೆ. ಇವತ್ತಿಗೂ ನಮ್ಮ ಟಯರು ಅದೇ ಉಪಾಯದ ಮೇಲೆ ನಿಂತಿದೆ. ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ಮಡಚಿ ಚೀಲಕ್ಕೆ ಹಾಕಬಹುದಾದ ಟಯರುಗಳನ್ನು ಈ ರಿಮ್ಮಿಗೆ ಹಾಕಬೇಡಿ. ಅವುಗಳ ಅಂಚಿನಲ್ಲಿ ಉಕ್ಕಿನ ಬದಲು ಬಟ್ಟೆಯಂಥ ಎಳೆ ಇರುತ್ತದೆ, ನೇರ ತುಟಿಯ ರಿಮ್ಮಿನಲ್ಲಿ ಅದು ನಿಲ್ಲೋದಿಲ್ಲ. ಎರಡು, ಗಾಳಿ ಜಾಸ್ತಿ ತುಂಬಬೇಡಿ. ಅದಕ್ಕೆ ಆಮೇಲೆ ಬರುತ್ತೇನೆ.

ರಿಮ್ಮಿನಲ್ಲಿ ತುಟಿಯೇ ಇಲ್ಲದೆ ಬರೀ ತಗ್ಗಾದ ಬಟ್ಟಲಿನ ಹಾಗಿದ್ದರೆ ಅದು ಅಂಟು ಹಾಕಿ ಕೂರಿಸುವ ರೇಸ್ ಟಯರಿನ ರಿಮ್ಮು. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸಿನ ಹುಚ್ಚು ಹಳೇದು, ಅಂಥ ಕಡೆ ಹಳೆ ರೇಸ್ ಸೈಕಲ್ಲು ಸಿಕ್ಕಿದರೆ ಇದನ್ನು ನೋಡಿಕೊಳ್ಳಿ. ಅದಕ್ಕೆ ತಂತಿಯ ಟಯರು ಯಾವ ಅಳತೆಯದ್ದಾದರೂ ಆಗೋದಿಲ್ಲ.

ಟಯರಿಗೆ ಮೊದಲು ರಿಮ್ಮಿನ ಆರೋಗ್ಯ

ತುಕ್ಕು ಹೊರಗೆ ಕಾಣೋದಕ್ಕಿಂತ ಟೇಪಿನ ಕೆಳಗೆ ಜಾಸ್ತಿ ಇರುತ್ತದೆ. ಮಳೆನೀರು ಕಡ್ಡಿಯ ತೂತಿನಿಂದ ಇಳಿದು ಅಲ್ಲೇ ನಿಲ್ಲುತ್ತದೆ. ಮೇಲ್ಮೈ ತುಕ್ಕಾದರೆ ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜಿ. ಕ್ರೋಮ್ ಗೀರು ಬೀಳದೆ ಹೊಳೆಯುತ್ತದೆ. ಒಳಗಡೆ ವೈರ್ ಬ್ರಷ್ ಹಾಕಿ ಉಜ್ಜಿ, ಪೂರ್ತಿ ಒಣಗಿಸಿ, ತೆಳ್ಳಗೆ ಪ್ರೈಮರ್ ಬಳಿಯಿರಿ. ಸ್ಕ್ರೂಡ್ರೈವರ್ ಹಿಡಿಯಿಂದ ತುಟಿಯ ಸುತ್ತ ಟಕ್ ಟಕ್ ಅಂತ ತಟ್ಟಿಕೊಂಡು ಹೋಗಿ. ಪದರ ಪದರವಾಗಿ ಉದುರಿದರೆ, ಕಡ್ಡಿಯ ತೂತಿನ ಸುತ್ತ ಬಿರುಕು ಕಂಡರೆ, ಆ ರಿಮ್ಮು ಮುಗಿಯಿತು. ಎಷ್ಟು ಪ್ರೀತಿಯ ಸೈಕಲ್ಲಾದರೂ ಆ ರಿಮ್ಮಿನ ಮೇಲೆ ಸವಾರಿ ಬೇಡ. 635ರ ಹೊಸ ರಿಮ್ಮು ಸಿಗುತ್ತದೆ. ಕಡ್ಡಿ ಲೆಕ್ಕ ಹಾಕಿಕೊಂಡು ಹೋಗಿ, ಈ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದೆ 32, ಹಿಂದೆ 40.

ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟು, ಅಂದರೆ ನಿಪ್ಪಲ್‌ನಿಂದ ಕಡ್ಡಿಯ ತುದಿ ಒಳಗೆ ಚುಚ್ಚಿಕೊಂಡಿದೆಯಾ ಅಂತ ಬೆರಳಿನಿಂದ ಅಲ್ಲ, ಹತ್ತಿಯಿಂದ ಸವರಿ ನೋಡಿ. ಹತ್ತಿ ಸಿಕ್ಕಿಕೊಂಡಲ್ಲಿ ಅರ ಹಾಕಿ ಉಜ್ಜಿ. ಬೆಂಡ್ ಇದ್ದರೆ ಟಯರು ಹಾಕೋ ಮೊದಲೇ ತೆಗೆಸಿ.

ಈಗ ಟಯರು ಆರಿಸೋಣ

635ರಲ್ಲಿ ಅಗಲಕ್ಕೆ ಜಾಸ್ತಿ ಆಯ್ಕೆ ಇಲ್ಲ, 40-635 ಅನ್ನೋದೇ ಮುಖ್ಯ. ಬೇರೆ ಅಳತೆಗಳಲ್ಲಿ ರಿಮ್ಮಿನ ತುಟಿಯಿಂದ ತುಟಿಗೆ ಒಳ ಅಗಲ ಅಳೆದು, ಅದರ ಒಂದೂವರೆಯಿಂದ ಎರಡು ಪಟ್ಟು ಅಗಲದ ಟಯರು ತಗೊಳ್ಳಿ. ಜೊತೆಗೆ ಮಡ್‌ಗಾರ್ಡಿನ ಒಳಗೆ ಎಷ್ಟು ಜಾಗ ಇದೆ ನೋಡಿ. ಟಯರಿಗೂ ಮಡ್‌ಗಾರ್ಡಿಗೂ ನಡುವೆ ಕಿರುಬೆರಳು ಆಡುವಷ್ಟು ಜಾಗ ಬೇಕು. ನಮ್ಮ ಕೆಮ್ಮಣ್ಣಿನ ದಾರಿಯಲ್ಲಿ ಮಳೆಗಾಲದಲ್ಲಿ ಕೆಸರು ಅಲ್ಲೇ ತುಂಬಿಕೊಂಡು ಚಕ್ರವೇ ಹಿಡಿದುಬಿಡುತ್ತದೆ.

ನಮ್ಮಲ್ಲಿ 28 × 1½ ಟಯರು ಈಗಲೂ ತಯಾರಾಗುತ್ತಿದೆ ಅನ್ನೋದು ದೊಡ್ಡ ಅನುಕೂಲ. ಲೂಧಿಯಾನದ ರಾಲ್ಸನ್ ಈ ಜಾತಿಯ ಟಯರು ಮಾಡುತ್ತದೆ. ಹೊರದೇಶದಲ್ಲಿ ಇರುವವರಿಗೆ ಜರ್ಮನಿಯ ಶ್ವಾಲ್ಬೆ ಕಂಪನಿಯ ಡೆಲ್ಟಾ ಕ್ರೂಸರ್ ಟಯರು 40-635ರಲ್ಲೂ 37-590ರಲ್ಲೂ ಬರುತ್ತದೆ, ಕೆನೆ ಬಣ್ಣದಲ್ಲೂ ಇದೆ. ಹಸಿರು ಅಥವಾ ಕಡುಗೆಂಪು ಹಳೆ ರಾಲೇಗೆ ಕೆನೆ ಬಣ್ಣ ಚೆನ್ನಾಗಿ ಒಪ್ಪುತ್ತದೆ. ನಮ್ಮ ಕಪ್ಪು ಸೈಕಲ್ಲಿಗೆ ಮಾತ್ರ ಕಪ್ಪೇ ಚೆಂದ ಅಂತ ನನ್ನ ಅಭಿಪ್ರಾಯ. ರಬ್ಬರಿಗೆ ಕಾರ್ಬನ್ ಮಸಿ ಸೇರಿಸೋದರಿಂದ ಸವೆತ ಕಡಿಮೆ ಆಗುತ್ತದೆ, ಕಪ್ಪು ಟಯರು ಬಾಳಿಕೆ ಬರೋದಕ್ಕೆ ಅದೂ ಒಂದು ಕಾರಣ.

ಭಾರ ಹೊರುವ ಸೈಕಲ್ಲಾದರೆ ಹೆವಿ ಡ್ಯೂಟಿ ಅಂತ ಬರುವ ದಪ್ಪ ಪದರದ್ದು ತಗೊಳ್ಳಿ. ಸುಮ್ನೆ ಬೆಳಿಗ್ಗೆ ಒಂದು ಸುತ್ತು ಹೋಗೋಕೆ, ಭಾನುವಾರ ಕೆರೆ ಏರಿ ಮೇಲೆ ಓಡಿಸೋಕೆ ಅಂತಾದರೆ ಅದು ಬೇಡ. ದಪ್ಪ ಪದರದ ಟಯರು ಬಗ್ಗೋದಿಲ್ಲ, ತುಳಿಯೋದು ಭಾರ, ಕಲ್ಲಿನ ಮೇಲೆ ಎಗರುತ್ತದೆ. ಸಾಮಾನ್ಯ ಟಯರಿನ ಪಕ್ಕವನ್ನು ಎರಡು ಬೆರಳಲ್ಲಿ ಹಿಸುಕಿದರೆ ಮೆತ್ತಗೆ ಬಗ್ಗಬೇಕು. ಆ ಮೆತ್ತನೆಯೇ ಸವಾರಿಯ ಸುಖ.

ಡೈನಮೋ ಇರುವ ಸೈಕಲ್ಲಾ? ಹಾಗಾದರೆ ಟಯರಿನ ಪಕ್ಕದಲ್ಲಿ ಒಂದು ಪಟ್ಟಿ ನೋಡಿ. ಸಣ್ಣ ಸಣ್ಣ ಅಡ್ಡಗೆರೆಗಳು ಒತ್ತೊತ್ತಾಗಿ ಟಯರಿನ ಸುತ್ತ ಓಡಿರುತ್ತವೆ, ಬಾಚಣಿಗೆಯ ಹಲ್ಲಿನ ಹಾಗೆ. ಡೈನಮೋದ ತಲೆ ಉರುಳೋದು ಅದರ ಮೇಲೆ. ಅದಿಲ್ಲದ ನುಣುಪು ಪಕ್ಕದ ಟಯರು ತಂದರೆ ಮಳೆಯಲ್ಲಿ ತಲೆ ಜಾರಿ ದೀಪ ಮಿಣಮಿಣ ಅನ್ನುತ್ತದೆ, ಪಕ್ಕದ ರಬ್ಬರೂ ಬೇಗ ಸವೆಯುತ್ತದೆ. ಅಪ್ಪನ ಸೈಕಲ್ಲಿಗೆ ಟಯರು ಆರಿಸುವಾಗ ನಾನು ಇದೊಂದನ್ನು ಹುಡುಕಿ ಮೂರು ಅಂಗಡಿ ತಿರುಗಿದೆ. ರಾತ್ರಿ ಪಾಳಿ ಮುಗಿಸಿ ಬರುವಾಗ ದೂರದಿಂದಲೇ ಆ ಡೈನಮೋದ ಗುಯ್ ಅನ್ನೋ ಸದ್ದು ಕೇಳಿ ಅಮ್ಮ ಬಾಗಿಲು ತೆಗೆಯುತ್ತಿದ್ದಳು. ಆ ಸದ್ದು ಮತ್ತೆ ಬೇಕಿತ್ತು.

ಹಳೆ ದಾಸ್ತಾನಿನ ಟಯರು ಕಂಡರೆ ಹುಷಾರು. ಹಳೇ ಕಂಪನಿಯ ಹೆಸರು, ಲೇಬಲ್ಲೂ ಹರಿಯದ ಟಯರು, ನೋಡಿದರೆ ಆಸೆ ಆಗುತ್ತದೆ. ಒಂದು ಕಡೆ ಹಿಡಿದು ಒಳಗಿನ ಮುಖ ಹೊರಗೆ ಬರುವ ಹಾಗೆ ತಿರುವಿ ಬಗ್ಗಿಸಿ. ನೆಲಕ್ಕೆ ತಾಗುವ ಗಟ್ಟೆಯ ಸಂದಿಯಲ್ಲಿ, ಪಕ್ಕದಲ್ಲಿ ಕೂದಲೆಳೆ ಬಿರುಕು ಬಿಟ್ಟರೆ ವಾಪಸ್ ಇಡಿ. ಹತ್ತಿ ನೂಲಿನ ಹಳೆ ಟಯರಾದರೆ ಒಳಗಿನ ಬಟ್ಟೆ ಕಪ್ಪಾಗಿ ಕೊಳೆತಿದೆಯಾ ನೋಡಿ. ಪ್ರದರ್ಶನಕ್ಕೆ ನಿಲ್ಲಿಸೋ ಸೈಕಲ್ಲಿಗೆ ಅದು ಸರಿ, ರಸ್ತೆಗೆ ಬೇಡ. ನಾನು ಅಂಥದ್ದೊಂದನ್ನು ಹಾಕಿ ನೆರಳಲ್ಲಿ ನಿಲ್ಲಿಸಿದ್ದೆ. ಮಧ್ಯಾಹ್ನ ಯಾರೂ ಮುಟ್ಟದೆ ಢಂ ಅಂತ ಒಡೆಯಿತು, ಪಕ್ಕ ಗೇಣುದ್ದ ಸೀಳಿತ್ತು. ಓಡಿಸುವಾಗ ಆಗಿದ್ದರೆ ಅಂತ ಈಗಲೂ ಎದೆ ಝಲ್ ಅನ್ನುತ್ತದೆ.

ಟ್ಯೂಬು, ವಾಲ್ವು

ಟ್ಯೂಬು ಹಿಗ್ಗುತ್ತದೆ, ಹಾಗಾಗಿ ಅದರ ಅಳತೆಯಲ್ಲಿ ಸ್ವಲ್ಪ ರಾಜಿ ನಡೆಯುತ್ತದೆ. ಆದರೂ 28 × 1½ದೇ ಸಿಗುವಾಗ ಬೇರೆ ಯಾಕೆ? ನಮ್ಮ ಹಳೆ ಸೈಕಲ್ಲಿನ ವಾಲ್ವು ಡನ್‌ಲಪ್ ಜಾತಿಯದು, ಒಳಗೆ ಪಿನ್ನು, ಅದರ ಮೇಲೆ ಸಣ್ಣ ರಬ್ಬರ್ ಕೊಳವೆ, ಅಂಗಡಿಯಲ್ಲಿ ವಾಲ್ವ್ ಟ್ಯೂಬ್ ಅಂತ ಕೊಡುತ್ತಾರೆ. ಗಾಳಿ ನಿಧಾನಕ್ಕೆ ಇಳಿಯುತ್ತಿದ್ದರೆ ಪಂಚರ್ ಹುಡುಕೋ ಮೊದಲು ಆ ಕೊಳವೆ ಬದಲಿಸಿ. ಅದು ಒಣಗಿ ಸೀಳಿರೋದೇ ಜಾಸ್ತಿ. ರಿಮ್ಮಿನ ಈ ತೂತಿಗೆ ಕಾರಿನ ತರಹದ ದಪ್ಪ ವಾಲ್ವಿನ ಟ್ಯೂಬೂ ಹಿಡಿಸುತ್ತದೆ. ರೇಸ್ ಸೈಕಲ್ಲಿನ ತೆಳ್ಳಗಿನ ಪ್ರೆಸ್ಟಾ ವಾಲ್ವು ಹಾಕಿದರೆ ತೂತಿನಲ್ಲಿ ಅಲ್ಲಾಡಿ ಬುಡ ಕತ್ತರಿಸಿಕೊಳ್ಳುತ್ತದೆ, ವಾಷರ್ ಹಾಕದೆ ಬಳಸಬೇಡಿ. ರಿಮ್ ಟೇಪು ಹೊಸದೇ ಹಾಕಿ. ನಡು ಗುಳಿಯನ್ನು ಮುಚ್ಚುವಷ್ಟು ಅಗಲ ಸಾಕು, ಮೆಟ್ಟಿಲಿನ ಮೇಲೆ ಹತ್ತಬಾರದು.

ಕೂರಿಸೋದು

ಟಯರಿನ ಒಳಗೆ ಕೈ ಆಡಿಸಿ, ಸ್ವಲ್ಪ ಟಾಲ್ಕಮ್ ಪೌಡರ್ ಉದುರಿಸಿ. ಪಕ್ಕದಲ್ಲಿ ಬಾಣದ ಗುರುತಿದ್ದರೆ ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೆ ಇರಲಿ. ಒಂದು ಬದಿಯ ತಂತಿಯನ್ನು ಪೂರ್ತಿ ರಿಮ್ಮಿನೊಳಗೆ ಇಳಿಸಿ. ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ಊದಿ, ವಾಲ್ವನ್ನು ತೂತಿಗೆ ಸೇರಿಸಿ, ಟ್ಯೂಬನ್ನು ಸುತ್ತ ಒಳಗೆ ತಳ್ಳಿ. ಈಗ ಎರಡನೇ ತಂತಿ. ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ಎರಡೂ ಕೈಯಲ್ಲಿ ಆಚೀಚೆ ಬರುತ್ತಾ ವಾಲ್ವಿನ ಹತ್ತಿರ ಮುಗಿಸಿ. ಯಾಕಂದ್ರೆ ವಾಲ್ವಿನ ಬುಡ ದಪ್ಪ, ಅಲ್ಲಿ ತಂತಿ ಗುಳಿಗೆ ಇಳಿಯೋದಿಲ್ಲ. ಎದುರು ಬದಿಯ ತಂತಿ ಗುಳಿಯಲ್ಲಿ ಕೂತರೆ ಇಲ್ಲಿ ಒಂದಿಷ್ಟು ಸಡಿಲ ಸಿಗುತ್ತದೆ. ಕೊನೆಯ ಗೇಣು ಬಿಗಿಯಾದರೆ ಎದುರು ಬದಿಯನ್ನು ಮತ್ತೆ ಹಿಸುಕಿ ಗುಳಿಗೆ ತಳ್ಳಿಕೊಂಡು ಬನ್ನಿ. ಕೈಯಲ್ಲೇ ಆಗುತ್ತದೆ. ಸ್ಕ್ರೂಡ್ರೈವರ್ ತುರುಕಿದರೆ ಟ್ಯೂಬು ಕಚ್ಚಿ ತೂತಾಗುತ್ತದೆ, ಬೇಕೇ ಬೇಕಾದರೆ ಟಯರ್ ಲಿವರು ಬಳಸಿ.

ಮುಗಿದ ಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ, ಬುಡದಲ್ಲಿ ಸಿಕ್ಕಿಕೊಂಡ ಟ್ಯೂಬು ಬಿಡಿಸಿಕೊಳ್ಳುತ್ತದೆ. ಅರ್ಧ ಗಾಳಿ ಹೊಡೆದು ಚಕ್ರ ತಿರುಗಿಸಿ. ಟಯರಿನ ಪಕ್ಕದಲ್ಲಿ, ರಿಮ್ಮಿನ ಹತ್ತಿರ, ಒಂದು ತೆಳ್ಳಗಿನ ಉಬ್ಬುಗೆರೆ ಸುತ್ತ ಓಡಿರುತ್ತದೆ. ಆ ಗೆರೆ ರಿಮ್ಮಿನಿಂದ ಎಲ್ಲಾ ಕಡೆ ಒಂದೇ ಎತ್ತರದಲ್ಲಿ ಕಾಣಬೇಕು. ಒಂದು ಕಡೆ ಮುಳುಗಿದ್ದರೆ ಅಲ್ಲಿ ತಂತಿ ಇನ್ನೂ ಗುಳಿಯಲ್ಲೇ ಇದೆ. ಒಂದು ಕಡೆ ಜಾಸ್ತಿ ಎದ್ದಿದ್ದರೆ ಅಲ್ಲಿ ಹೊರಗೆ ಬರೋಕೆ ಹೊರಟಿದೆ. ಗಾಳಿ ಬಿಟ್ಟು, ಅಲ್ಲಿ ಸೋಪಿನ ನೀರು ಸವರಿ, ಕೈಯಿಂದ ಸರಿ ಮಾಡಿ ಮತ್ತೆ ಹೊಡೆಯಿರಿ. ಈ ಗೆರೆ ನೋಡದೆ ಯಾವತ್ತೂ ಪೂರ್ತಿ ಗಾಳಿ ತುಂಬಬೇಡಿ.

ಗಾಳಿ ಎಷ್ಟು

ಟಯರಿನ ಪಕ್ಕದಲ್ಲಿ ಬರೆದದ್ದು ಟಯರು ತಡೆಯುವ ಮಿತಿ. ನಿಮ್ಮ ಕೊಕ್ಕೆ ಇಲ್ಲದ ಹಳೆ ರಿಮ್ಮಿಗೆ ಅಷ್ಟೇ ಬೇಕು ಅಂತ ಅರ್ಥ ಅಲ್ಲ. 40-635ರಲ್ಲಿ ನಾನು ಮುಂದೆ 40, ಹಿಂದೆ 50 ಪೌಂಡ್ ಇಡುತ್ತೇನೆ, ಅದಕ್ಕಿಂತ ಜಾಸ್ತಿ ಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಪೆಟ್ರೋಲ್ ಬಂಕಿನ ಕಂಪ್ರೆಸರ್ ಹತ್ತಿರ ಹೋಗಬೇಡಿ. ಸೈಕಲ್ ಟ್ಯೂಬಿನಲ್ಲಿ ಹಿಡಿಯುವ ಗಾಳಿ ಕಡಿಮೆ, ಕಣ್ಣು ಮಿಟುಕಿಸೋದರೊಳಗೆ ಮಿತಿ ದಾಟುತ್ತದೆ. ಕೈ ಪಂಪೇ ಸರಿ. ಡನ್‌ಲಪ್ ವಾಲ್ವಿನಲ್ಲಿ ರಬ್ಬರ್ ಕೊಳವೆ ಗಾಳಿಯನ್ನು ಹೊರಗೆ ಬಿಡದ ಕಾರಣ ಸಾಮಾನ್ಯ ಗೇಜು ಒಳಗಿನ ಒತ್ತಡ ತೋರಿಸೋದಿಲ್ಲ. ಹೆಬ್ಬೆರಳಿಂದ ಟಯರಿನ ನೆತ್ತಿ ಒತ್ತಿ ನೋಡಿ, ಬಲ ಹಾಕಿದರೆ ಒಂಚೂರು ಮಾತ್ರ ತಗ್ಗಬೇಕು. ಸೀಟಿನ ಮೇಲೆ ಕೂತಾಗ ಹಿಂದಿನ ಟಯರು ಸ್ವಲ್ಪ ಉಬ್ಬಿ ಕಾಣಬೇಕು, ಚಪ್ಪಟೆ ಆಗಬಾರದು.

ಚಕ್ರ ಫ್ರೇಮಿಗೆ ಕೂರಿಸಿದ ಮೇಲೆ ರಾಡ್ ಬ್ರೇಕಿನ ಕವೆ ಟಯರಿಗೆ ತಾಗುತ್ತಿದೆಯಾ, ಬ್ರೇಕಿನ ರಬ್ಬರು ಎರಡೂ ಬದಿ ರಿಮ್ಮಿಗೇ ಮುಟ್ಟುತ್ತಿದೆಯಾ ಅಂತ ಕೈಯಲ್ಲಿ ತಿರುಗಿಸಿ ನೋಡಿ. ಮೊದಲ ದಿನ ಮನೆ ಹತ್ತಿರವೇ, ಭಾರ ಇಲ್ಲದೆ, ನಿಧಾನಕ್ಕೆ ಎರಡು ಮೂರು ಕಿಲೋಮೀಟರು ಓಡಿಸಿ. ಬಂದು ಇಳಿದು ಆ ಉಬ್ಬುಗೆರೆಯನ್ನು ಎರಡೂ ಬದಿ ಮತ್ತೊಮ್ಮೆ ನೋಡಿ. ವಾಲ್ವು ಓರೆಯಾಗಿದ್ದರೆ ಟ್ಯೂಬು ಒಳಗೆ ಜರುಗಿದೆ ಅಂತ ಅರ್ಥ, ಗಾಳಿ ಬಿಟ್ಟು ನೇರ ಮಾಡಿ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಹೆಬ್ಬೆರಳು ಒತ್ತಿ ನೋಡಿ. ನಿನ್ನೆಯಷ್ಟೇ ಗಟ್ಟಿ ಇದ್ದರೆ ಕ್ಯಾರಿಯರ್ ಮೇಲೆ ಯಾರನ್ನಾದರೂ ಕೂರಿಸಿಕೊಂಡು ಹೊರಡಬಹುದು.